ಮಳೆಗಾಲಕ್ಕೆ ಮೊದಲು ಶೀಟಿನ ಸ್ಕ್ರೂ ಎಣಿಸಿದ್ದೀರಾ?

ಮಂಗಳೂರು: ಪ್ರತಿ ವರ್ಷ ಏಪ್ರಿಲ್-ಮೇ ಬಂತೆಂದರೆ ಜಿಲ್ಲೆಯಲ್ಲಿ ಅದೇ ಸುದ್ದಿ. ಗಾಳಿ ಮಳೆಗೆ ಶೀಟು ಹಾರಿತು, ಪಕ್ಕದ ಮನೆ ಮೇಲೆ ಬಿತ್ತು, ಕರೆಂಟು ಹೋಯಿತು. ದೂರುವುದು ಗಾಳಿಯನ್ನೇ. ಶೀಟನ್ನು ಹಿಡಿದಿಡಬೇಕಿದ್ದ ಸ್ಕ್ರೂ ಬಗ್ಗೆ ಯಾರೂ ಕೇಳೋದಿಲ್ಲ.

ಗಾಳಿಯ ಲೆಕ್ಕ ಹೊಸದೇನಲ್ಲ. ಭಾರತೀಯ ಮಾನಕ ಐಎಸ್ 875ರ 3ನೇ ಭಾಗದಲ್ಲಿ ಮಂಗಳೂರಿಗೆ ಮೂಲ ಗಾಳಿವೇಗ ಸೆಕೆಂಡಿಗೆ 39 ಮೀಟರ್, ಅಂದರೆ ಗಂಟೆಗೆ ಸುಮಾರು 140 ಕಿ.ಮೀ. ಬೆಂಗಳೂರಿಗೆ 33 ಮೀಟರ್. ಸರಳ ಲೆಕ್ಕದಲ್ಲಿ ನಮ್ಮಲ್ಲಿ ಚದರ ಮೀಟರಿಗೆ ಸುಮಾರು 93 ಕೆ.ಜಿ. ಒತ್ತಡ. ಮಾಡಿನ ಮೂಲೆ, ಅಂಚುಗಳಲ್ಲಿ ಮೇಲಕ್ಕೆ ಎಳೆಯುವ ಬಲ ಇದರ ಎರಡು ಪಟ್ಟೂ ಆಗಬಹುದು.

ಈಗ ಸ್ಕ್ರೂ ಕಡೆ ಬನ್ನಿ. ತೆಳು ಉಕ್ಕಿನ ಕೆಲಸಕ್ಕೆ ಇರುವ ಅಮೆರಿಕದ ಎಐಎಸ್‌ಐ ಸಂಹಿತೆಯ ಸೂತ್ರ ಹಿಡಿದರೆ, 1.6 ಮಿ.ಮೀ. ದಪ್ಪದ ಪೈಪಿನಿಂದ 5.5 ಮಿ.ಮೀ. ಸ್ಕ್ರೂ ಕಿತ್ತುಬರಲು ಸುಮಾರು 305 ಕೆ.ಜಿ. ಬೇಕು (ಉಕ್ಕಿನ ಬಲ ಚದರ ಮಿ.ಮೀ.ಗೆ 400 ನ್ಯೂಟನ್ ಅಂತಿಟ್ಟುಕೊಂಡರೆ). ಆದರೆ ಅಷ್ಟೂ ಭಾರ ಹೊರಿಸುವಂತಿಲ್ಲ. ಅದೇ ಸಂಹಿತೆ ಸ್ಕ್ರೂ ಜೋಡಣೆಗೆ ಸುರಕ್ಷತಾ ಗುಣಾಂಕ 3 ಅನ್ನುತ್ತದೆ. ನಂಬಬಹುದಾದದ್ದು ಸುಮಾರು 100 ಕೆ.ಜಿ. ಮಾತ್ರ. ಪೈಪು 1 ಮಿ.ಮೀ. ಆದರೆ 63 ಕೆ.ಜಿ.ಗೆ ಇಳಿಯುತ್ತದೆ.

ಪೈಪ್ ಬಾಗುವುದಕ್ಕೆ 1.67 ಸಾಕು ಅನ್ನುವ ಸಂಹಿತೆ ಸ್ಕ್ರೂಗೆ ಮಾತ್ರ 3 ಯಾಕೆ ಕೇಳುತ್ತದೆ? ಪೈಪ್ ಬಾಗಿದರೆ ಕಣ್ಣಿಗೆ ಕಾಣುತ್ತದೆ. ಸ್ಕ್ರೂ ಹೇಳದೆ ಕೇಳದೆ ಕಿತ್ತುಬರುತ್ತದೆ. ಒಂದು ಹೋದರೆ ಅದರ ಭಾರ ಪಕ್ಕದ್ದರ ಮೇಲೆ, ಆಮೇಲೆ ಸಾಲೇ ಹೋಗುತ್ತದೆ. ಮೇಲಾಗಿ ಡ್ರಿಲ್ ಹಿಡಿದ ಕೈಯನ್ನು ಅವಲಂಬಿಸಿದ ಕೆಲಸ ಇದು. ಅತಿಯಾಗಿ ತಿರುಗಿಸಿದರೆ ಪೈಪಿನಲ್ಲಿ ಹಿಡಿತ ಸಡಿಲ, ಓರೆಯಾದರೆ ವಾಷರ್ ಕೂರೋದಿಲ್ಲ.

ಪರ್ಲಿನ್ 4 ಅಡಿಗೊಂದು ಇದ್ದು, ಅಡಿಗೊಂದು ಸ್ಕ್ರೂ ಹಾಕಿದರೆ ಮೂಲೆಯ ಸ್ಕ್ರೂ ಮೇಲೆ ಸುಮಾರು 67 ಕೆ.ಜಿ. 1.6ರ ಪೈಪ್ ತಡೆಯುತ್ತದೆ, 1 ಮಿ.ಮೀ. ಪೈಪ್ ಮಿತಿ ದಾಟುತ್ತದೆ. ಉಳಿತಾಯ ಅಂತ 2 ಅಡಿಗೊಂದು ಹಾಕಿದರೆ 134 ಕೆ.ಜಿ. ಆಗ 1.6 ಕೂಡ ಸಾಲದು. ಕೂಡಲೇ ಹಾರದೇ ಇರಬಹುದು. ಆದರೆ ತುಕ್ಕು, ಸಡಿಲ ಸ್ಕ್ರೂಗಳಿಗೆ ಅಂತ ಇಟ್ಟ ಮೀಸಲು ಮೊದಲ ದಿನವೇ ಖರ್ಚಾಗಿರುತ್ತದೆ. ಸಮುದ್ರದ ಉಪ್ಪುಗಾಳಿ ಉಳಿದದ್ದನ್ನು ತಿನ್ನುತ್ತದೆ.

ನಮ್ಮಲ್ಲಿ ಶೀಟ್ ಕೆಲಸದ ಮಾತುಕತೆ ಹೆಚ್ಚಾಗಿ ಚದರಡಿ ದರದಲ್ಲೇ ಮುಗಿಯುತ್ತದೆ. ಕೊಟೇಶನ್ನಿನಲ್ಲಿ ಪೈಪಿನ ದಪ್ಪ, ಸ್ಕ್ರೂ ಅಂತರ, ಮೂಲೆಗಳಲ್ಲಿ ಎಷ್ಟು ಹೆಚ್ಚು ಸ್ಕ್ರೂ ಅನ್ನೋದನ್ನು ಬರೆಸಿಕೊಳ್ಳಿ. ಶಾಲೆ, ಅಂಗನವಾಡಿಗಳ ಶೀಟ್ ಕೆಲಸದ ಬಿಲ್ ಪಾಸ್ ಮಾಡುವ ಮೊದಲು ಪಂಚಾಯತ್‌ನವರೂ ಇದನ್ನೇ ಕೇಳಲಿ. ಹಾರಿದ ಮೇಲೆ ಪರಿಹಾರಕ್ಕೆ ಅಲೆಯುವುದಕ್ಕಿಂತ ಇನ್ನೊಂದು ಡಬ್ಬಿ ಸ್ಕ್ರೂ ಅಗ್ಗ.