ಕಂಬ ಕಾಣದ ಕೆರೆಗಳಿಗೆ ಗಾಳಿ ಕೊಡಿ: ಮೀನು ಸಾಕುವವರ ಮನವಿ ಪತ್ರ

ಗೆ,
ನಿರ್ದೇಶಕರು, ಮೀನುಗಾರಿಕೆ ಇಲಾಖೆ, ಕರ್ನಾಟಕ ಸರ್ಕಾರ, ಬೆಂಗಳೂರು

ಪ್ರತಿ: ವ್ಯವಸ್ಥಾಪಕ ನಿರ್ದೇಶಕರು, ಕರ್ನಾಟಕ ನವೀಕರಿಸಬಹುದಾದ ಇಂಧನ ಅಭಿವೃದ್ಧಿ ನಿಯಮಿತ, ಬೆಂಗಳೂರು

ವಿಷಯ: ವಿದ್ಯುತ್ ಮಾರ್ಗದಿಂದ ದೂರವಿರುವ ಕೆರೆ ಹಾಗೂ ಕೃಷಿಹೊಂಡಗಳಲ್ಲಿ ನೀರಿಗೆ ಗಾಳಿಯಾಡಿಸುವ ಏರೇಟರ್ ಅಳವಡಿಸಲು ನೆರವು ಮತ್ತು ನಿಯಮ ಬದಲಾವಣೆ ಕೋರಿ

ಮಾನ್ಯರೆ,

ಮನವಿದಾರರು ಬಯಲುಸೀಮೆಯ ಕೆರೆ, ಹೊಂಡಗಳಲ್ಲಿ ಕಾಟ್ಲಾ, ರೋಹು, ಮೃಗಾಲ್ ಎಂಬ ಗೆಂಡೆ ಮೀನು ಸಾಕುವವರು. ಅವರಿಗೆ ನಷ್ಟದ ಸುದ್ದಿ ಮುಟ್ಟುವುದು ಬೆಳಗಿನ ಜಾವ ನಾಲ್ಕರಿಂದ ಆರು ಗಂಟೆಯೊಳಗೆ. ಏರಿಯ ಮೇಲೆ ಟಾರ್ಚ್ ಹಿಡಿದು ನಿಂತರೆ ನೀರಿನ ಮೇಲೆಲ್ಲ ಮೀನಿನ ಬಾಯಿಗಳು ಕಾಣುತ್ತವೆ. ಸಾವಿರಾರು ಬಾಯಿಗಳು ಒಂದೇ ಸಮ ತೆರೆದು ಮುಚ್ಚುತ್ತಿರುತ್ತವೆ. ಕಿವಿಗೊಟ್ಟರೆ ಸಣ್ಣ ಮಳೆ ಹನಿದಂಥ ಚಪಚಪ ಸದ್ದು. ಬಸವನಹುಳುಗಳು ನೀರು ಬಿಟ್ಟು ತೂಬಿನ ಕಲ್ಲು ಹತ್ತಿರುತ್ತವೆ. ಕಲ್ಲೆಸೆದರೂ ಮೀನು ಮುಳುಗುವುದಿಲ್ಲ. ಅಷ್ಟು ಹೊತ್ತಿಗೆ ಮನೆಮಂದಿಯೆಲ್ಲ ಬಂದು ಬಿದಿರು ಗಳದಿಂದ ನೀರು ಬಡಿಯುತ್ತಾರೆ, ಬಿಂದಿಗೆಯಲ್ಲಿ ಎತ್ತಿ ಎತ್ತರದಿಂದ ಸುರಿಯುತ್ತಾರೆ. ಡೀಸೆಲ್ ಎಂಜಿನ್ ಇದ್ದವರು ಕೆರೆಯ ನೀರನ್ನೇ ಎತ್ತಿ ಕೆರೆಗೇ ಚಿಮ್ಮಿಸುತ್ತಾರೆ. ಸೂರ್ಯ ಮೇಲೇರಿ ಪಾಚಿ ಮತ್ತೆ ಆಮ್ಲಜನಕ ಬಿಡುವವರೆಗೆ ಮೀನು ತಡೆದುಕೊಂಡರೆ ಬದುಕುತ್ತದೆ. ತಡೆಯಲಾರದ್ದು ಹೊಟ್ಟೆ ಮೇಲಾಗಿ ಗಾಳಿ ಬೀಸಿದ ಕಡೆಯ ದಂಡೆ ಸೇರುತ್ತದೆ.

ಇದರ ಕಾರಣ ಇಲಾಖೆಗೆ ಹೊಸದೇನಲ್ಲ. ಕೋರಿಕೆಗಳೆಲ್ಲ ಅದರ ಮೇಲೆಯೇ ನಿಂತಿರುವುದರಿಂದ ಇಲ್ಲಿ ಹೇಳಲೇಬೇಕಾಗಿದೆ. ಒಂದು ಲೀಟರ್ ಗಾಳಿಯಲ್ಲಿ ಕಾಲು ಗ್ರಾಂ ಆಸುಪಾಸು, ಅಂದರೆ ಸುಮಾರು 250 ಮಿಲಿಗ್ರಾಂ ಆಮ್ಲಜನಕ ಇರುತ್ತದೆ. 30 ಡಿಗ್ರಿ ಬಿಸಿಯ ಒಂದು ಲೀಟರ್ ನೀರು ಹಿಡಿದಿಟ್ಟುಕೊಳ್ಳಬಲ್ಲದ್ದು ಏಳರಿಂದ ಏಳೂವರೆ ಮಿಲಿಗ್ರಾಂ ಮಾತ್ರ. ಗೆಂಡೆ ಜಾತಿಯ ಮೀನು ಚೆನ್ನಾಗಿ ಬೆಳೆಯಲು 5 ಮಿಲಿಗ್ರಾಂ ಬೇಕು. 3ಕ್ಕಿಂತ ಇಳಿದರೆ ಮೇವು ಬಿಡುತ್ತದೆ, 1ರ ಹತ್ತಿರ ಬಂದು ಹಾಗೆಯೇ ಉಳಿದರೆ ಸಾಯುತ್ತದೆ. ಹಗಲಿನಲ್ಲಿ ಆಮ್ಲಜನಕ ಕೊಡುವ ಪಾಚಿಯೇ ರಾತ್ರಿ ಅದನ್ನು ಉಸಿರಾಡಿ ಮುಗಿಸುತ್ತದೆ. ತಳದ ಕೆಸರು ತನ್ನ ಪಾಲು ಎಳೆದುಕೊಳ್ಳುತ್ತದೆ. ಎರಡು ದಿನ ಮೋಡ ಮುಸುಕಿ ಗಾಳಿಯೂ ಬಿದ್ದುಹೋದರೆ ಹಗಲಿನ ಗಳಿಕೆ ಇಲ್ಲ, ರಾತ್ರಿಯ ಖರ್ಚು ಮಾತ್ರ ಇದೆ. ಬೇಸಿಗೆ ಕೊನೆಯ ಮೊದಲ ಅಡ್ಡಮಳೆ ಇನ್ನೂ ಅಪಾಯಕಾರಿ. ತಣ್ಣನೆಯ ನೀರು ತಳಕ್ಕಿಳಿದು, ತಿಂಗಳುಗಟ್ಟಲೆ ಉಸಿರಿಲ್ಲದೆ ಕೊಳೆತಿದ್ದ ಅಡಿನೀರನ್ನು ಮೇಲಕ್ಕೆ ತಳ್ಳುತ್ತದೆ. ಊರೆಲ್ಲ ಮಳೆ ಬಂತೆಂದು ಹಿಗ್ಗುವ ರಾತ್ರಿ ಮೀನು ಸಾಕುವವನಿಗೆ ನಿದ್ದೆ ಬರುವುದಿಲ್ಲ.

ಮೀನು ಸತ್ತ ಮೇಲೆ ಊರಿನಲ್ಲಿ ನಡೆಯುವುದನ್ನೂ ಇಲಾಖೆಯ ಗಮನಕ್ಕೆ ತರಬೇಕು. ಮೊದಲು ಹುಟ್ಟುವ ಮಾತು, "ಯಾರೋ ವಿಷ ಹಾಕಿದ್ದಾರೆ." ಗುತ್ತಿಗೆ ಸಿಗದವನ ಮೇಲೆ, ಹಳೆಯ ಜಮೀನು ವ್ಯಾಜ್ಯದವನ ಮೇಲೆ ಬೆರಳು ಏಳುತ್ತದೆ. ಠಾಣೆಗೆ ದೂರು ಹೋಗುತ್ತದೆ. ಆಮ್ಲಜನಕ ಇಳಿದಾಗ ಸಾಮಾನ್ಯವಾಗಿ ದೊಡ್ಡ ಮೀನು ಮೊದಲು ಸಾಯುತ್ತದೆ, ಸಣ್ಣದು ಉಳಿದುಕೊಳ್ಳುತ್ತದೆ. ವಿಷವಾದರೆ ಸಣ್ಣದೂ ಉಳಿಯುವುದು ಕಷ್ಟ. ಸಾವು ಬೆಳಗಿನ ಜಾವವೇ ಏಕೆ ಎಂಬುದೂ ಒಂದು ಸುಳಿವು. ಆದರೆ ಅಂಕಿ ಹೇಳುವ ಮೀಟರ್ ಯಾರ ಕೈಯಲ್ಲೂ ಇಲ್ಲದ್ದರಿಂದ ಅನುಮಾನ ತೀರುವುದೇ ಇಲ್ಲ. ಕೆರೆಯಲ್ಲಿ ಉಸಿರು ತಪ್ಪಿದ್ದು ಎರಡು ಮನೆಗಳ ನಡುವೆ ವರ್ಷಗಟ್ಟಲೆ ಮಾತು ತಪ್ಪಿಸಿಬಿಡುತ್ತದೆ. ತಾಲ್ಲೂಕಿಗೊಂದು ಆಮ್ಲಜನಕ ಮೀಟರ್, ಜೊತೆಗೆ ಕರೆದರೆ ಅದೇ ಬೆಳಿಗ್ಗೆ ಬಂದು ಅಳೆದು ಬರೆದುಕೊಡುವ ಏರ್ಪಾಡು ಆಗಬೇಕೆಂಬುದು ಆದ್ದರಿಂದಲೇ ಮನವಿದಾರರ ಮೊದಲ ಕೋರಿಕೆ. ಖರ್ಚಿನಲ್ಲಿ ಇದು ಎಲ್ಲಕ್ಕಿಂತ ಚಿಕ್ಕದು.

2016ರ ಮಾರ್ಚ್‌ನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ರಾಶಿ ರಾಶಿ ಮೀನು ಸತ್ತು ತೇಲಿದಾಗ ಇಡೀ ದೇಶ ಆ ಚಿತ್ರ ನೋಡಿತು. ಸುತ್ತಲೂ ವಿದ್ಯುತ್ತಿದ್ದ ಕೆರೆ ಅದು. ಕಂಬವೇ ಇಲ್ಲದ ಕಡೆ ಸತ್ತ ಮೀನು ಸುದ್ದಿಯಾಗುವುದಿಲ್ಲ, ಗುಂಡಿ ಸೇರುತ್ತದೆ.

ವಿದ್ಯುತ್ ಏಕೆ ಸಿಗುತ್ತಿಲ್ಲ ಎನ್ನುವಲ್ಲಿ ಎರಡು ತೊಡಕುಗಳಿವೆ. ಒಂದು ದೂರದ್ದು. ಊರಿನ ಟ್ರಾನ್ಸ್‌ಫಾರ್ಮರ್‌ನಿಂದ ಕೆರೆ ಅಂಗಳಕ್ಕೆ ಕಂಬ ನೆಟ್ಟು ತಂತಿ ಎಳೆಯುವ ಖರ್ಚನ್ನು ಸಣ್ಣ ಗುತ್ತಿಗೆದಾರ ಹೊರಲಾರ. ಇನ್ನೊಂದು ಹೊತ್ತಿನದು, ಇದರ ಬಗ್ಗೆ ಮಾತು ಕಡಿಮೆ. ಪಂಪ್‌ಸೆಟ್ ಮಾರ್ಗಗಳಿಗೆ ತ್ರಿಫೇಸ್ ವಿದ್ಯುತ್ ದಿನಕ್ಕೆ 7 ಗಂಟೆ, ಅದೂ ಪಾಳಿಯ ಮೇಲೆ. ಆ ಪಾಳಿ ಬೆಳಗಿನ ಜಾವ ಮೂರು ಗಂಟೆಗೇ ಬರುತ್ತದೆಂಬ ಭರವಸೆ ಇಲ್ಲ. ಭತ್ತದ ಗದ್ದೆ ನೀರಿಗಾಗಿ ನಾಳೆಯವರೆಗೆ ಕಾಯಬಲ್ಲದು. ಮೀನು ಒಂದು ಗಂಟೆಯೂ ಕಾಯಲಾರದು.

ಸೌರಶಕ್ತಿಯ ಯೋಜನೆಗಳು ಎಡವಿರುವುದೂ ಈ ಹೊತ್ತಿನ ಲೆಕ್ಕದಲ್ಲಿಯೇ. 2019ರಲ್ಲಿ ಬಂದ ಪಿಎಂ ಕುಸುಮ್ ಯೋಜನೆಯ ಬಿ ಘಟಕವು ವಿದ್ಯುತ್ ಜಾಲಕ್ಕೆ ಸೇರದ ಸೌರ ಪಂಪ್‌ಗಳಿಗೆ ಸಹಾಯಧನ ಕೊಡುತ್ತದೆ. ಕೇಂದ್ರದ ಶೇಕಡ 30ರ ಜೊತೆಗೆ ರಾಜ್ಯ ಸರ್ಕಾರ ತನ್ನ ಪಾಲನ್ನು ಶೇಕಡ 50ಕ್ಕೆ ಏರಿಸಿದೆ. ವಿದ್ಯುತ್ ಜಾಲದಿಂದ 500 ಮೀಟರ್ ಆಚೆಗಿನ ಪಂಪ್‌ಸೆಟ್‌ಗೆ ಸೌರ ಪಂಪ್ ಎಂಬ ನೀತಿಯೂ ಬಂದಿದೆ. ದೂರದವನಿಗೆ ತಂತಿಯ ಬದಲು ಬಿಸಿಲು ಎಂಬ ತತ್ವವನ್ನು ಸರ್ಕಾರವೇ ಒಪ್ಪಿದಂತಾಯಿತು. ಮನವಿದಾರರು ಇದನ್ನು ಮನಸಾರೆ ಸ್ವಾಗತಿಸುತ್ತಾರೆ. ಆದರೆ ಈ ಪಂಪ್ ನಡೆಯುವುದು ನಡುಹಗಲಿನಲ್ಲಿ, ಬ್ಯಾಟರಿ ಇಲ್ಲದೆ. ಅದು ಬಾವಿಯ ನೀರು ಮೇಲೆತ್ತಲು ಹುಟ್ಟಿದ ಯಂತ್ರ. ಮೀನಿಗೆ ಬೇಕಾದದ್ದು ರಾತ್ರಿ ಎರಡರಿಂದ ಏಳರವರೆಗಿನ ಗಾಳಿ.

ಲೆಕ್ಕ ದೊಡ್ಡದೇನಲ್ಲ. 500 ವಾಟ್‌ನ ಗಾಳಿ ಊದುವ ಒಂದು ಬ್ಲೋವರ್ ಐದು ಗಂಟೆ ನಡೆದರೆ ಎರಡೂವರೆ ಯೂನಿಟ್. ಬಯಲುಸೀಮೆಯ ಬಿಸಿಲಿನಲ್ಲಿ ಒಂದು ಕಿಲೋವಾಟ್ ಪ್ಯಾನೆಲ್ ತಿಳಿಯಾದ ದಿನ ಸುಮಾರು ನಾಲ್ಕು ಯೂನಿಟ್ ಕೊಡುತ್ತದೆ. ತೊಂದರೆಯೆಂದರೆ, ಅಪಾಯದ ರಾತ್ರಿ ಬರುವುದು ಮೋಡದ ದಿನದ ಬೆನ್ನಿಗೇ. ಪ್ಯಾನೆಲ್ ಸೋತ ದಿನವೇ ಬ್ಯಾಟರಿ ಗೆಲ್ಲಬೇಕು. ಹಾಗಾಗಿ ಒಂದು ರಾತ್ರಿಯದ್ದಲ್ಲ, ಎರಡು ರಾತ್ರಿಯ ದಾಸ್ತಾನು, ಅಂದರೆ ಕನಿಷ್ಠ 5 ಯೂನಿಟ್ ಹಿಡಿಯುವ ಬ್ಯಾಟರಿ ಸಹಾಯಧನದ ಪಟ್ಟಿಯಲ್ಲಿ ಸೇರಬೇಕು. ಬ್ಯಾಟರಿ ಬಿಟ್ಟು ಪ್ಯಾನೆಲ್ ಮಾತ್ರ ಕೊಟ್ಟರೆ ಕಡತದಲ್ಲಿ ಏರೇಟರ್ ಇರುತ್ತದೆ, ನೀರಿನಲ್ಲಿ ಗುಳ್ಳೆ ಇರುವುದಿಲ್ಲ.

ಇಷ್ಟರಿಂದ ಇಡೀ ಕೆರೆ ಉಸಿರಾಡುತ್ತದೆಂದು ಮನವಿದಾರರು ಭಾವಿಸಿಲ್ಲ. ಒಂದು ಎಕರೆ ವಿಸ್ತಾರ, ಎರಡು ಮೀಟರ್ ಆಳದ ಹೊಂಡದಲ್ಲಿ 80 ಲಕ್ಷ ಲೀಟರ್ ನೀರಿರುತ್ತದೆ. ಲೀಟರಿಗೆ ಒಂದೇ ಒಂದು ಮಿಲಿಗ್ರಾಂ ಏರಿಸಲು 8 ಕಿಲೋ ಆಮ್ಲಜನಕ ಕರಗಬೇಕು. ಸಣ್ಣ ಬ್ಲೋವರ್‌ನಿಂದ ಒಂದು ರಾತ್ರಿಯಲ್ಲಿ ಅದು ಸಾಧ್ಯವಿಲ್ಲ. ಆದರೆ ತೂಬಿನ ಬಳಿಯ ಆಳದ ಮೂಲೆಯಲ್ಲಿ ಗಾಳಿಯಾಡಿಸಿದರೆ ಅಲ್ಲೊಂದು ಆಸರೆ ಸಿಕ್ಕಂತಾಗುತ್ತದೆ. ಉಸಿರು ಕಟ್ಟಿದ ಮೀನು ಗುಳ್ಳೆ ಏಳುವ ಜಾಗ ಹುಡುಕಿಕೊಂಡು ಬಂದು ಬೆಳಗಿನವರೆಗೆ ಅಲ್ಲೇ ನಿಲ್ಲುತ್ತದೆ. ಬೇಕಿರುವುದು ಆ ಮೂಲೆ. ಹೆಚ್ಚು ಮರಿ ಬಿಟ್ಟು ಲಾಭ ದುಪ್ಪಟ್ಟು ಮಾಡಿಕೊಳ್ಳಲು ಯಾರಾದರೂ ಏರೇಟರ್ ಕೇಳಿದರೆ ಇಲಾಖೆ ಒಪ್ಪಬಾರದು. ಎಕರೆಗೆ ಇಂತಿಷ್ಟೇ ಮರಿ ಎಂಬ ಷರತ್ತಿನೊಡನೆಯೇ ನೆರವು ಬರಲಿ.

ಹಗಲಿನ ಬಿಸಿಲಿಗೂ ಒಂದು ಕೆಲಸವಿದೆ. ಮಧ್ಯಾಹ್ನ ಎರಡರ ಹೊತ್ತಿಗೆ ಹಸಿರುಗಟ್ಟಿದ ಹೊಂಡದ ಮೇಲ್ಪದರದಲ್ಲಿ ಆಮ್ಲಜನಕ ತುಂಬಿ ತುಳುಕುತ್ತದೆ, ಲೀಟರಿಗೆ 12 ಮಿಲಿಗ್ರಾಂ ದಾಟುವುದೂ ಉಂಟು. ನೀರು ಹಿಡಿಯಲಾರದ ಈ ಹೆಚ್ಚುವರಿ ಆಮ್ಲಜನಕ ಗಾಳಿಗೆ ಹಾರಿಹೋಗುತ್ತಿರುವಾಗಲೇ ಎರಡು ಮೀಟರ್ ಕೆಳಗೆ ಬರಗಾಲವಿರುತ್ತದೆ. ಆ ಹೊತ್ತಿನಲ್ಲಿ ಬ್ಯಾಟರಿಯಿಲ್ಲದ ಸೌರ ಪಂಪ್‌ನಿಂದಲೇ ಮೇಲಿನ ನೀರನ್ನು ಕೆಳಗೆ ಬೆರೆಸಿದರೆ ಅದು ರಾತ್ರಿಯ ಖರ್ಚಿಗೆ ಉಳಿಯುತ್ತದೆ, ಕೆರೆಯೇ ಬ್ಯಾಟರಿಯಾಗುತ್ತದೆ. ಶುರುವಿನಲ್ಲಿ ಹುಷಾರಾಗಿರಬೇಕು. ಬಹುಕಾಲ ಕದಡದ ಹೊಂಡವನ್ನು ಮೊದಲ ದಿನವೇ ಗಂಟೆಗಟ್ಟಲೆ ಕಲಕಿದರೆ ತಳದ ಕೊಳೆ ಮೇಲೆ ಬಂದು ಅದೇ ಮೀನು ಕೊಲ್ಲುತ್ತದೆ. ಮೊದಲು ಕಾಲು ಗಂಟೆ, ದಿನ ಕಳೆದಂತೆ ಸ್ವಲ್ಪ ಸ್ವಲ್ಪ ಹೆಚ್ಚು. ಕುಸುಮ್ ಪಂಪ್‌ಗಳ ಜೊತೆ ಮೇವು ಕತ್ತರಿಸುವ ಯಂತ್ರ, ಹಿಟ್ಟಿನ ಗಿರಣಿಯನ್ನೂ ಓಡಿಸುವ ಯುನಿವರ್ಸಲ್ ಸೋಲಾರ್ ಪಂಪ್ ಕಂಟ್ರೋಲರ್‌ಗೆ ಕೇಂದ್ರದ ನವೀನ ಮತ್ತು ನವೀಕರಿಸಬಹುದಾದ ಇಂಧನ ಸಚಿವಾಲಯ ಈಗಾಗಲೇ ಅವಕಾಶ ಕೊಟ್ಟಿದೆ. ಆ ಪಟ್ಟಿಗೆ ಬ್ಲೋವರ್ ಮತ್ತು ಕೆರೆ ನೀರು ಬೆರೆಸುವ ಪಂಪ್ ಸೇರಿಸುವಂತೆ ರಾಜ್ಯದಿಂದ ಪತ್ರ ಹೋಗಲಿ.

ಇಡೀ ಮನವಿಯಲ್ಲಿ ಅತಿ ಸರಳವಾದ ದಾರಿ ಬೇರೆಯೇ ಇದೆ. ನಿರಂತರ ಜ್ಯೋತಿ ಯೋಜನೆಯಡಿ ಊರಿನ ಮನೆಗಳ ಮಾರ್ಗ ಪಂಪ್‌ಸೆಟ್ ಮಾರ್ಗದಿಂದ ಬೇರ್ಪಟ್ಟ ಕಡೆಗಳಲ್ಲಿ ರಾತ್ರಿಯೂ ಸಿಂಗಲ್ ಫೇಸ್ ವಿದ್ಯುತ್ ಇರುತ್ತದೆ. ಕೆರೆ ಊರಿನಿಂದ ಮುನ್ನೂರು, ನಾನೂರು ಮೀಟರ್ ದೂರದಲ್ಲಿದ್ದರೆ ವಿದ್ಯುತ್ತನ್ನು ಕೆರೆಗೆ ಒಯ್ಯುವ ಅಗತ್ಯವೇ ಇಲ್ಲ. ಬ್ಲೋವರ್ ಊರಿನ ಕೊನೆಯ ಮನೆಯ ಹಿತ್ತಿಲಲ್ಲಿ ಇರಲಿ, ಗಾಳಿ ಪೈಪಿನಲ್ಲಿ ಹೋಗಲಿ. ಮೂರು ಮೀಟರ್ ಆಳಕ್ಕೆ ಗಾಳಿ ತಳ್ಳಲು ಚದರ ಸೆಂಟಿಮೀಟರಿಗೆ 0.3 ಕಿಲೋ ಒತ್ತಡ ಬೇಕು. ದಾರಿಯ ಘರ್ಷಣೆಗೆ ಇನ್ನಷ್ಟು ಸೇರಿಸಬೇಕು, ಅದಕ್ಕೇ ಪೈಪ್ ಅಗಲವಿರಬೇಕು. ಸಣ್ಣ ಪೈಪ್ ಹಾಕಿದರೆ ಯಂತ್ರ ಬಿಸಿಯಾಗುತ್ತದೆ, ಗುಳ್ಳೆ ಬರುವುದಿಲ್ಲ. ಹೆಗ್ಗಣ ಕಡಿಯದಂತೆ, ದನದ ಗೊರಸು ತಾಗದಂತೆ ಎಚ್‌ಡಿಪಿಇ ಪೈಪನ್ನು ಒಂದೂವರೆ ಅಡಿ ಆಳದಲ್ಲಿ ಹೂಳಿದರೆ ಹತ್ತಾರು ವರ್ಷ ಬಾಳುತ್ತದೆ. ತಂತಿ ಹರಿದರೆ ಜೀವ ಹೋದೀತು, ಗಾಳಿಯ ಪೈಪ್ ಒಡೆದರೆ ಬುಸ್ಸೆಂದು ಸದ್ದಾಗುತ್ತದೆ, ಅಷ್ಟೇ. ದನ ನೀರು ಕುಡಿಯುವ, ಮಕ್ಕಳು ಈಜುವ ಕೆರೆಗೆ ಇದಕ್ಕಿಂತ ಸುರಕ್ಷಿತ ಏರ್ಪಾಡು ಮನವಿದಾರರಿಗೆ ಕಂಡಿಲ್ಲ.

ಇಲ್ಲಿ ಅಡ್ಡಿ ಹಣಕ್ಕಿಂತ ಹೆಚ್ಚಾಗಿ ಅನುಮತಿಯದ್ದು. ಪೈಪ್ ಹಾದು ಹೋಗುವುದು ಗೋಮಾಳದಲ್ಲಿ, ಬಂಡಿದಾರಿಯ ಅಡಿಯಲ್ಲಿ, ಏರಿಯ ಪಕ್ಕದಲ್ಲಿ. ಪಂಚಾಯಿತಿ, ಕಂದಾಯ, ಸಣ್ಣ ನೀರಾವರಿ, ಹೀಗೆ ಪ್ರತಿಯೊಂದಕ್ಕೂ ಬೇರೆ ಅರ್ಜಿ ಹಿಡಿದು ಅಲೆಯುವಷ್ಟರಲ್ಲಿ ಬೇಸಿಗೆ ಮುಗಿದಿರುತ್ತದೆ. ಮೀನುಗಾರಿಕೆ ಇಲಾಖೆಯ ತಾಲ್ಲೂಕು ಕಚೇರಿಯಲ್ಲೇ ಒಂದು ಅರ್ಜಿ ಪಡೆದು ಉಳಿದವರ ಒಪ್ಪಿಗೆಯನ್ನು ಇಲಾಖೆಯೇ ತರಿಸಿಕೊಡಬೇಕು. ಏರಿಯನ್ನು ಅಗೆಯಬಾರದು ಎಂಬ ನಿಯಮವನ್ನು ಮನವಿದಾರರು ಪೂರ್ತಿ ಒಪ್ಪುತ್ತಾರೆ. ಪೈಪ್ ಏರಿಯ ಮೇಲೆಯೇ ಹಾಯಲಿ.

ಗಾಳಿಯಂತ್ರದ ಮಾತನ್ನೂ ಕೆಲವರು ಎತ್ತುತ್ತಾರೆ. ಚಿತ್ರದುರ್ಗದ ಜೋಗಿಮಟ್ಟಿಯಲ್ಲಿ, ಗದಗದ ಗುಡ್ಡಗಳಲ್ಲಿ ಗಾಳಿಯಿಂದ ವಿದ್ಯುತ್ ತೆಗೆಯುತ್ತಿರುವಾಗ ಕೆರೆಗೆ ಏಕಾಗದು ಎಂಬುದು ನ್ಯಾಯವಾದ ಪ್ರಶ್ನೆ. ಆಷಾಢದ ಗಾಳಿಯಲ್ಲಿ ಅದು ನಿಜಕ್ಕೂ ಕೆಲಸ ಮಾಡುತ್ತದೆ. ಆದರೆ ಆಷಾಢದಲ್ಲಿ ಅಲೆಯೆದ್ದು ಕೆರೆ ತಾನೇ ಅಷ್ಟಿಷ್ಟು ಉಸಿರಾಡಿಕೊಳ್ಳುತ್ತದೆ. ಮೀನು ಸಾಯುವುದು ಎಲೆ ಅಲುಗದ ರಾತ್ರಿಗಳಲ್ಲಿ. ಗಾಳಿಯಂತ್ರಕ್ಕೆ ನೆರವು ಕೊಟ್ಟರೂ ಅದನ್ನು ಜೊತೆಗಾರನಾಗಿ ಮಾತ್ರ ಪರಿಗಣಿಸಬೇಕು.

ಏರೇಟರ್ ಅಳವಡಿಸುವ ಮೊದಲು ಬಗೆಹರಿಯಬೇಕಾದದ್ದು ಗುತ್ತಿಗೆಯ ನಿಯಮ. ಕೆರೆ ಮೀನು ಹಕ್ಕು ಕೆಲವೇ ವರ್ಷಗಳಿಗೆ ಸಿಗುತ್ತದೆ. ಅವಧಿ ಮುಗಿದರೆ ಹೊಸಬರ ಪಾಲು. ಅಂಥ ಕೆರೆಯಲ್ಲಿ ಪೈಪ್ ಹೂಳಲು, ಪ್ಯಾನೆಲ್ ನಿಲ್ಲಿಸಲು ಯಾರು ಸಾಲ ಮಾಡುತ್ತಾರೆ? ಏರೇಟರ್ ಕೆರೆಯ ಆಸ್ತಿಯೆಂದು ದಾಖಲಾಗಬೇಕು. ಹೊಸ ಗುತ್ತಿಗೆದಾರ ಅದರ ಸವೆದ ಬೆಲೆಯನ್ನು ಹಳಬನಿಗೆ ಕೊಟ್ಟು ಪಡೆಯುವಂತೆ ಗುತ್ತಿಗೆ ಪತ್ರದಲ್ಲೇ ಒಂದು ಸಾಲು ಬರಬೇಕು. ಸಹಾಯಧನದ ಪ್ರಮಾಣಕ್ಕೆ ಹೊಸ ಸೂತ್ರ ಬೇಡ. 2020ರ ಮತ್ಸ್ಯ ಸಂಪದ ಯೋಜನೆಯಂತೆ ಸಾಮಾನ್ಯ ವರ್ಗಕ್ಕೆ ಶೇಕಡ 40, ಪರಿಶಿಷ್ಟರಿಗೆ ಮತ್ತು ಮಹಿಳೆಯರಿಗೆ ಶೇಕಡ 60 ಇದ್ದರೆ ಸಾಕು. ಏರಿಯ ಮೇಲಿನ ಪ್ಯಾನೆಲ್, ಬ್ಯಾಟರಿಗಳಿಗೆ ಕಳ್ಳತನದ ವಿಮೆಯೂ ಅದರಲ್ಲೇ ಸೇರಲಿ.

ಯಾವ ಕೆರೆಗೆ ಯಾವ ದಾರಿ ಎಂಬುದನ್ನು ಊಹೆಗೆ ಬಿಡಬಾರದು. 1969ರಿಂದ ಮೀನುಗಾರಿಕೆ ಕಲಿಸುತ್ತಿರುವ ಮಂಗಳೂರಿನ ಕಾಲೇಜಿದೆ, ಹೆಸರಘಟ್ಟದಲ್ಲಿ ಸಿಹಿನೀರು ಮೀನು ಸಂಶೋಧನಾ ಕೇಂದ್ರವಿದೆ. ಅವರ ಉಸ್ತುವಾರಿಯಲ್ಲಿ ಒಂದು ಕೃಷಿಹೊಂಡ, ಒಂದು ಊರ ಬದಿಯ ಕೆರೆ, ಒಂದು ಊರಿಂದ ದೂರದ ಕೆರೆ, ಈ ಮೂರರಲ್ಲಿ ಬರುವ ಫೆಬ್ರುವರಿಯಿಂದ ಆಗಸ್ಟ್‌ವರೆಗೆ ಪ್ರಯೋಗ ನಡೆಯಲಿ. ಪ್ರತಿದಿನ ಬೆಳಗಿನ ಜಾವದ ಆಮ್ಲಜನಕದ ಅಂಕಿಯನ್ನು ಪಂಚಾಯಿತಿ ಕಚೇರಿಯ ಫಲಕದಲ್ಲಿ ಕನ್ನಡದಲ್ಲಿ ಬರೆಯಲಿ. ಸೋತ ಪ್ರಯೋಗದ ಅಂಕಿಯೂ ಅಲ್ಲಿರಲಿ.

ಈ ಬಗ್ಗೆ ಚರ್ಚಿಸಲು ಮನವಿದಾರರಿಗೆ ಒಂದು ದಿನ ಗೊತ್ತುಮಾಡಬೇಕೆಂದು ವಿನಂತಿ. ಸಭೆ ಕಚೇರಿಯಲ್ಲಿ ನಡೆದರೂ ಸರಿಯೇ. ಅದಕ್ಕೂ ಮುಂಚೆ, ಮೋಡ ಕವಿದು ಗಾಳಿ ನಿಂತ ಒಂದು ದಿನ ನೋಡಿ, ಮರುದಿನ ಬೆಳಗಿನ ಜಾವ ನಾಲ್ಕಕ್ಕೆ ಇಲಾಖೆಯವರು ಯಾವುದಾದರೂ ಒಂದು ಕೆರೆಯ ಏರಿಗೆ ಬರಬೇಕು. ಮೀಟರ್ ಇಲಾಖೆಯದ್ದು, ತೆಪ್ಪ ಮನವಿದಾರರದ್ದು.

ಇಂತಿ ವಿಶ್ವಾಸಿಗಳು,
ವಿದ್ಯುತ್ ತಲುಪದ ಕೆರೆ, ಹೊಂಡಗಳ ಮೀನು ಸಾಕಣೆದಾರರು