ಪಕ್ಕಚೀಲದ ಖರ್ಚು ಯಾರದು, ಹೊಣೆ ಯಾರದು?

ನಮ್ಮ ಜಿಲ್ಲೆಯ ವ್ಯಾಪಾರ ಸಂಸ್ಥೆಗಳ ಲೆಕ್ಕಪುಸ್ತಕಗಳಲ್ಲಿ ಪ್ರಯಾಣ ವೆಚ್ಚ, ಪೆಟ್ರೋಲು, ವಾಹನ ದುರಸ್ತಿ, ಟಯರು ಎಂಬ ಬಾಬುಗಳು ತಪ್ಪದೆ ಕಾಣಸಿಗುತ್ತವೆ. ಆದರೆ ಮೋಟಾರ್ ಸೈಕಲ್ಲಿನ ಹಿಂಬದಿಯ ಎರಡೂ ಪಾರ್ಶ್ವಗಳಲ್ಲಿ ತೂಗುವ ಚೀಲಕ್ಕಾಗಿ ಮಾಡಿದ ವೆಚ್ಚವೆಂಬ ನಮೂದನ್ನು ನಾನು ಕಂಡದ್ದು ಅತಿ ವಿರಳ. ಚೀಲವೇ ಇಲ್ಲವೆಂದು ಇದರ ಅರ್ಥವಲ್ಲ. ಚೀಲ ಇದೆ, ಅದನ್ನು ಕೊಂಡವನು ವಾಹನ ಓಡಿಸುವ ನೌಕರ. ತನ್ನ ಸಂಬಳದಲ್ಲಿ, ತನಗೆ ಎಟುಕುವ ಬೆಲೆಯಲ್ಲಿ, ಪೇಟೆಯ ಪಾದಚಾರಿ ಮಾರ್ಗದಲ್ಲಿಯೋ ಸೀಟು ಹೊಲಿಯುವವನ ಅಂಗಡಿಯಲ್ಲಿಯೋ ಅವನು ಅದನ್ನು ಕೊಂಡಿರುತ್ತಾನೆ. ಅದರೊಳಗೆ ಸಾಗುವುದಾದರೋ ಮಾಲೀಕನ ಹಣ, ಮಾಲೀಕನ ಬಿಲ್ಲು, ಮಾಲೀಕನ ಕಾಫಿ. ಈ ವ್ಯವಸ್ಥೆ ನ್ಯಾಯವೂ ಅಲ್ಲ, ಲಾಭದಾಯಕವೂ ಅಲ್ಲ ಎಂಬುದು ನನ್ನ ಅಭಿಪ್ರಾಯ.

ಇಷ್ಟು ಸಣ್ಣ ವಸ್ತುವಿಗೆ ಪತ್ರಿಕೆಯ ಪುಟಗಳೇಕೆ ಎಂದು ಸದಸ್ಯರು ಕೇಳಬಹುದು. ನಮ್ಮ ವ್ಯಾಪಾರದ ಸ್ವರೂಪವೇ ಅದಕ್ಕೆ ಉತ್ತರ. 1942ರ ಕಾಫಿ ಕಾಯಿದೆಯ ಅಡಿಯಲ್ಲಿ ಬೆಳೆಗಾರನು ತನ್ನ ಫಸಲನ್ನು ಕಾಫಿ ಮಂಡಳಿಯ ಪೂಲಿಗೆ ಒಪ್ಪಿಸುತ್ತಿದ್ದ ಕಾಲದಲ್ಲಿ ವರ್ತಕನು ತೋಟದ ಕಣಕ್ಕೆ ಹೋಗುವ ಪ್ರಮೇಯವೇ ಇರಲಿಲ್ಲ. 1992ರಿಂದ ಹಂತಹಂತವಾಗಿ ಸಡಿಲಗೊಂಡ ಆ ವ್ಯವಸ್ಥೆ 1996ರ ವೇಳೆಗೆ ಸಂಪೂರ್ಣವಾಗಿ ತೆರವಾಯಿತು. ಅಂದಿನಿಂದ ಖರೀದಿದಾರನೇ ಬೆಳೆಗಾರನ ಬಾಗಿಲಿಗೆ ಹೋಗಬೇಕಾಯಿತು. ಬೆಳೆಗಾರರಲ್ಲಿ ಬಹುಸಂಖ್ಯಾತರು 10 ಹೆಕ್ಟೇರಿಗಿಂತ ಕಡಿಮೆ ಹಿಡುವಳಿಯ ಸಣ್ಣವರು. ಅವರ ಮನೆಗಳು ಗೋಣಿಬೀಡು, ಬಣಕಲ್, ಬಾಳೂರು, ಸಂಸೆ, ಹೊರನಾಡುಗಳ ಒಳದಾರಿಗಳಲ್ಲಿ ಚದುರಿವೆ. ಆ ದಾರಿಗಳಿಗೆ ಜೀಪು ಕಳುಹಿಸಿದರೆ ವೆಚ್ಚ ಗಿಟ್ಟದು. ಹೀಗಾಗಿ ಮಾದರಿ ತರುವ ಏಜೆಂಟ್, ವಸೂಲಿಗೆ ಹೋಗುವ ಗುಮಾಸ್ತ, ಗೊಬ್ಬರ ಮತ್ತು ಔಷಧಿ ಕಂಪನಿಗಳ ಪ್ರತಿನಿಧಿ, ತೋಟದ ರೈಟರು, ಬಿಡಿಭಾಗಗಳನ್ನು ಹೊತ್ತೊಯ್ಯುವ ಪಂಪ್‌ಸೆಟ್ ಮೆಕ್ಯಾನಿಕ್ ಇವರೆಲ್ಲರೂ ಮೋಟಾರ್ ಸೈಕಲ್ಲನ್ನೇ ಅವಲಂಬಿಸಿದ್ದಾರೆ.

ಇವರ ಪೈಕಿ ಮಾದರಿ ತರುವವನ ಚೀಲವನ್ನು ಪರಿಶೀಲಿಸೋಣ. ಚೆರಿ ಕಾಫಿಯ ಬೆಲೆ ನಿಶ್ಚಯವಾಗುವುದು ಔಟ್‌ಟರ್ನ್ ಆಧಾರದ ಮೇಲೆ ಎಂಬುದು ನಮ್ಮೆಲ್ಲರಿಗೂ ತಿಳಿದದ್ದೇ. 50 ಕಿಲೋ ಚೆರಿಯ ಮೂಟೆಯನ್ನು ಸುಲಿದಾಗ 26 ಕಿಲೋ ಬೀಜ ದೊರೆಯುವುದೋ 28 ಕಿಲೋ ದೊರೆಯುವುದೋ ಎಂಬುದನ್ನು ಕಣದಿಂದ ತಂದ ಅಲ್ಪ ಪ್ರಮಾಣದ ಮಾದರಿಯಿಂದ ಅಳೆಯುತ್ತೇವೆ. ಜೊತೆಗೆ ತೇವಾಂಶದ ಪರೀಕ್ಷೆಯೂ ನಡೆಯುತ್ತದೆ. ಸರಿಯಾಗಿ ಒಣಗಿದ ಕಾಫಿಯಲ್ಲಿ ಇರಬೇಕಾದ ತೇವಾಂಶ ಶೇಕಡ 10ರಿಂದ 11ರ ಆಸುಪಾಸು. ಬಣಕಲ್ಲಿನಿಂದ ಚಿಕ್ಕಮಗಳೂರಿಗೆ ಬರುವಷ್ಟರಲ್ಲಿ ಮಾದರಿ ನೆನೆದರೆ ಅಳತೆಗೆ ಸಿಗುವುದು ಕಾಫಿಯ ಗುಣವಲ್ಲ, ಚೀಲದ ಗುಣ. ನೂರು ಮೂಟೆಯ ವ್ಯವಹಾರದಲ್ಲಿ ಇದರಿಂದ ಅರ್ಧ ಅಂಕ ಕಡಿಮೆ ಹಿಡಿಯಲಾಯಿತೆಂದು ಭಾವಿಸಿ. ಅಲ್ಲಿಗೆ 50 ಕಿಲೋ ಬೀಜದ ವ್ಯತ್ಯಾಸ. ಕಿಲೋವಿಗೆ 300 ರೂಪಾಯಿ ಎಂದಿಟ್ಟುಕೊಂಡರೂ 15,000 ರೂಪಾಯಿ. ಬೆಳೆಗಾರ ಒಪ್ಪಿದರೆ ನಷ್ಟ ಅವನದು. ಒಪ್ಪದೆ ಮತ್ತೊಬ್ಬನಿಗೆ ಮಾರಿದರೆ ನಷ್ಟ ವರ್ತಕನದು. ಮೆಣಸಿನ ಮಾದರಿಯ ಕಥೆ ಇನ್ನೂ ಸೂಕ್ಷ್ಮ. ಒಮ್ಮೆ ತೇವ ಹಿಡಿದು ಬೂಷ್ಟು ಬಂದರೆ ಪುನಃ ಒಣಗಿಸಿ ತೋರಿಸಿದರೂ ಕೊಳ್ಳುವವನ ಸಂಶಯ ಹೋಗದು.

ಕೊಯ್ಲು ನವೆಂಬರಿನಿಂದ ಮಾರ್ಚ್‌ವರೆಗೆ ತಾನೇ, ಆಗ ಮಳೆ ಎಲ್ಲಿದೆ ಎಂಬ ಆಕ್ಷೇಪಣೆ ಬರಬಹುದು. ನವೆಂಬರಿನ ಅಕಾಲಿಕ ಮಳೆ, ಮಾರ್ಚಿನ ಹೂಮಳೆ, ಕೊಟ್ಟಿಗೆಹಾರದ ಮಂಜು ಇವನ್ನು ಬಲ್ಲವರು ಹಾಗೆ ಹೇಳಲಾರರು. ಅಲ್ಲದೆ ಬೆಲೆ ನೋಡಿಕೊಂಡು ದಾಸ್ತಾನು ಇಟ್ಟ ಬೆಳೆಗಾರ ಜುಲೈ ತಿಂಗಳಿನಲ್ಲಿಯೂ ಮಾರುತ್ತಾನೆ.

ಈಗ ಚೀಲದ ಆಯ್ಕೆಗೆ ಬರೋಣ. ಪಶ್ಚಿಮ ಘಟ್ಟದ ಮಳೆ ಮೇಲಿನಿಂದ ಮಾತ್ರ ಬೀಳುವುದಿಲ್ಲ. ಗಾಳಿಯೊಡನೆ ಪಕ್ಕದಿಂದ ಬರುತ್ತದೆ, ಓಡುವ ಚಕ್ರ ಅದನ್ನು ಕೆಸರು ಸಹಿತ ಕೆಳಗಿನಿಂದಲೂ ಎರಚುತ್ತದೆ. ಬಯಲುಸೀಮೆಯಲ್ಲಿ ಯೋಗ್ಯವೆನಿಸಿದ ಚೀಲ ಇಲ್ಲಿ ಸೋಲುವುದು ಈ ಕಾರಣದಿಂದಲೇ. ಚರ್ಮದ ಚೀಲ ನೋಡಲು ಘನತೆಯುಳ್ಳದ್ದು, ಬುಲೆಟ್ ವಾಹನಕ್ಕೆ ಶೋಭೆ ತರುವಂಥದ್ದು. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದು ಒಣಗುವುದೇ ಇಲ್ಲ. ಬೂಷ್ಟು ಹಿಡಿದು, ಹೊಲಿಗೆ ಕೊಳೆತು, ಎರಡನೆಯ ಮಳೆಗಾಲಕ್ಕೆ ಬಿರಿಯುತ್ತದೆ. ಮಲೆನಾಡಿನ ದುಡಿಮೆಯ ವಾಹನಕ್ಕೆ ಅದನ್ನು ನಾನು ಶಿಫಾರಸು ಮಾಡಲಾರೆ.

ನೈಲಾನ್ ಮತ್ತು ಪಾಲಿಯೆಸ್ಟರ್ ಬಟ್ಟೆಯ ಚೀಲಗಳ ಮೇಲೆ 1000 ಡೀನಿಯರ್, 1680 ಡೀನಿಯರ್ ಎಂದು ಮುದ್ರಿಸಿರುತ್ತಾರೆ. ಡೀನಿಯರ್ ಎಂಬುದು ನೂಲಿನ ತೂಕದ ಅಳತೆ. 9,000 ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೆಂಬ ಲೆಕ್ಕ. ಅಂಕಿ ಹೆಚ್ಚಿದಷ್ಟು ಬಟ್ಟೆ ದಪ್ಪ, ಉಜ್ಜಾಟಕ್ಕೆ ಬಾಳಿಕೆ ಹೆಚ್ಚು. ಆದರೆ ನೀರು ತಡೆಯುವ ಗುಣಕ್ಕೂ ಈ ಅಂಕಿಗೂ ಸಂಬಂಧವಿಲ್ಲ. ಈ ತಪ್ಪು ಕಲ್ಪನೆಯನ್ನು ಅಂಗಡಿಯವರೂ ಪೋಷಿಸುತ್ತಾರೆ. ನೀರು ತಡೆಯುವುದು ಒಳಮೈಗೆ ಬಳಿದ ಲೇಪ. ಪಾಲಿಯುರೆಥೇನ್ ಲೇಪವು ತೇವ ಮತ್ತು ಶಾಖದಲ್ಲಿ ಕ್ರಮೇಣ ಶಿಥಿಲಗೊಂಡು ಅಂಟಂಟಾಗಿ ಸುಲಿಯುತ್ತದೆ. ಹಳೆಯ ಚೀಲದೊಳಗೆ ಕೈ ಹಾಕಿದಾಗ ಬಿಳಿಯ ಪೊರೆ ಬೆರಳಿಗೆ ಅಂಟಿಕೊಂಡರೆ ಆ ಚೀಲದ ಆಯುಷ್ಯ ಮುಗಿಯಿತೆಂದೇ ತಿಳಿಯಬೇಕು. ಇದಕ್ಕಿಂತ ಮುಖ್ಯವಾದದ್ದು ಹೊಲಿಗೆ. ಸೂಜಿ ಹೋದ ಪ್ರತಿಯೊಂದು ರಂಧ್ರವೂ ನೀರಿಗೆ ದಾರಿ. ಲಾರಿ ಟಾರ್ಪಾಲಿನಂಥ ಪಿವಿಸಿ ಲೇಪಿತ ಬಟ್ಟೆಯನ್ನು ಹೊಲಿಯದೆ ಬೆಸೆದು, ಬಾಯಿಯನ್ನು ಮೂರು ನಾಲ್ಕು ಸುತ್ತು ಮಡಚಿ ಬಕಲ್ ಹಾಕುವಂತೆ ಮಾಡಿದ ಚೀಲವೇ ನಮ್ಮ ಮಳೆಗೆ ತಕ್ಕದ್ದು. ಜರ್ಮನಿಯ ಆರ್ಟ್‌ಲೀಬ್ ಸಂಸ್ಥೆ 1982ರಿಂದ ಸೈಕಲ್ ಪ್ರವಾಸಿಗರಿಗಾಗಿ ತಯಾರಿಸಿಕೊಂಡು ಬಂದಿರುವ ಚೀಲಗಳ ತತ್ವವೂ ಇದೇ; ಈಗ ಇದೇ ಮಾದರಿಯವು ನಮ್ಮ ದೇಶದಲ್ಲಿಯೂ ತಯಾರಾಗುತ್ತಿವೆ. ಜಿಪ್ ಇರುವ ಚೀಲಕ್ಕೆ ಮಳೆಹೊದಿಕೆ ಕೊಡುತ್ತಾರಷ್ಟೆ. ಆ ಹೊದಿಕೆ ಚಾರ್ಮಾಡಿಯ ಗಾಳಿಯಲ್ಲಿ ಎಷ್ಟು ದೂರ ಜೊತೆಗಿರುವುದು ಎಂಬುದನ್ನು ಓಡಿಸಿದವರೇ ಬಲ್ಲರು. ಅಂಥ ಚೀಲವೇ ಇದ್ದಲ್ಲಿ ಒಳಗೆ ಪ್ರತ್ಯೇಕವಾದ ಮಡಿಕೆಬಾಯಿಯ ಚೀಲವೊಂದನ್ನು ಇಟ್ಟು ಮಾದರಿ, ಬಿಲ್ಲುಪುಸ್ತಕಗಳನ್ನು ಅದರಲ್ಲಿಡುವುದು ಲೇಸು.

ಅಲ್ಯುಮಿನಿಯಂ ಅಥವಾ ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆಗಳಿಗೆ ಬೀಗವಿದೆ, ನೀರಿನಿಂದಲೂ ರಕ್ಷಣೆಯಿದೆ. ಆದರೆ ಕಲ್ಲು ಕಿತ್ತ ತೋಟದ ದಾರಿಯಲ್ಲಿ ಅವುಗಳ ತೂಕ ಚೌಕಟ್ಟಿನ ಬೆಸುಗೆಗಳನ್ನು ಬಿಡಿಸುತ್ತದೆ; ವಾಹನ ಜಾರಿ ಬಿದ್ದಾಗ ಕಾಲು ಪೆಟ್ಟಿಗೆಯಡಿ ಸಿಲುಕುವ ಭಯವೂ ಇದೆ. ಡಾಂಬರು ರಸ್ತೆಯಲ್ಲೇ ಸುತ್ತುವ ವಸೂಲಿ ಗುಮಾಸ್ತನಿಗೆ ಪೆಟ್ಟಿಗೆ, ಒಳದಾರಿಯ ಏಜೆಂಟನಿಗೆ ಮೆತ್ತನೆಯ ಚೀಲ ಎಂದು ವಿಂಗಡಿಸಬಹುದು.

ಕಟ್ಟುವ ಕ್ರಮವೂ ಅಷ್ಟೇ ಮುಖ್ಯ. ಘಟ್ಟ ಇಳಿಯುತ್ತಿದ್ದ ಹೇರೆತ್ತಿನ ಬೆನ್ನಿನ ಮೇಲೆ ಎರಡೂ ಬದಿಯ ಗೋಣಿಗಳನ್ನು ಸಮತೂಕ ಮಾಡದೆ ಹೊರಡುತ್ತಿರಲಿಲ್ಲ. ನಮ್ಮ ಹಿರಿಯರಿಗೆ ಇದ್ದ ಆ ಜ್ಞಾನ ಮೋಟಾರಿನ ಕಾಲಕ್ಕೆ ಮರೆತಂತಿದೆ. ಭಾರ ಎರಡು ಕಡೆ ಸಮವಾಗಿ, ಕೆಳಮಟ್ಟದಲ್ಲಿ, ಸಾಧ್ಯವಾದಷ್ಟು ಮುಂದಕ್ಕೆ ಇರಬೇಕು. ಸಾಮಾನ್ಯವಾಗಿ ಬಲಬದಿಯಲ್ಲಿ ಸೈಲೆನ್ಸರ್ ಇರುವುದರಿಂದ ಚೀಲ ಅದಕ್ಕೆ ತಗುಲದಂತೆ ಕಬ್ಬಿಣದ ಆಧಾರ ಬೇಕು. ಪಿವಿಸಿ ಕರಗಲು ಒಂದು ಏರುದಾರಿಯ ಶಾಖ ಸಾಕು. ಎಡಬದಿಯ ಸೀರೆ ಗಾರ್ಡನ್ನು ಕಿತ್ತು ಚೀಲ ಕಟ್ಟುವವರಿದ್ದಾರೆ, ಹಾಗೆ ಮಾಡಬಾರದು. ಹಿಂದಿನ ಚಕ್ರದ ಅರ್ಧವನ್ನಾದರೂ ಮುಚ್ಚುವ ರಕ್ಷಣೆ ಇರಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳೇ ವಿಧಿಸಿವೆ, ಮತ್ತು ಚೀಲ ಚಕ್ರದೊಳಗೆ ಸೇರದಂತೆ ತಡೆಯುವುದೂ ಅದೇ ಗಾರ್ಡು. ಸೀಟಿನ ಹಿಂದೆ ಡಬ್ಬಿ ಕೂರಿಸುವವರು 2020ರ ತಿದ್ದುಪಡಿಯನ್ನು ಗಮನಿಸಬೇಕು. ಉದ್ದ 550, ಅಗಲ 510, ಎತ್ತರ 500 ಮಿಲಿಮೀಟರ್ ಮೀರುವಂತಿಲ್ಲ. ಡಬ್ಬಿ ಹಿಂಬದಿ ಸವಾರನ ಜಾಗವನ್ನು ಆಕ್ರಮಿಸಿದರೆ ಮತ್ತೊಬ್ಬನನ್ನು ಕೂರಿಸುವಂತಿಲ್ಲ.

ಭದ್ರತೆಯ ವಿಷಯದಲ್ಲಿ ಭ್ರಮೆ ಬೇಡ. ಬಟ್ಟೆಯ ಚೀಲಕ್ಕೆ ಎಂಥ ಬೀಗ ಹಾಕಿದರೂ ಒಂದು ಚಾಕು ಅದನ್ನು ತೆರೆಯಬಲ್ಲದು. ಉಕ್ಕಿನ ತಂತಿಯಿಂದ ಚೌಕಟ್ಟಿಗೆ ಬಿಗಿಯುವುದರಿಂದ ಚೀಲವನ್ನೇ ಎತ್ತಿಕೊಂಡು ಹೋಗುವುದನ್ನು ತಪ್ಪಿಸಬಹುದು, ಅಷ್ಟೆ. ಸುಲಭವಾಗಿ ಬಿಚ್ಚಿ ಹೆಗಲಿಗೇರಿಸಿಕೊಂಡು ಹೋಟೆಲಿನೊಳಗೆ ಒಯ್ಯಬಹುದಾದ ಚೀಲವೇ ನಿಜವಾಗಿ ಭದ್ರವಾದ ಚೀಲ. ನಗದು ಚೀಲದಲ್ಲಿ ಇರಲೇಬಾರದು. ಮೈಮೇಲೆ, ಅಂಗಿಯ ಒಳಗೆ ಇರಬೇಕು.

ನಗದು ಈಗೆಲ್ಲಿ ಎಂದು ಕೇಳುವವರಿಗೆ ಒಂದು ಮಾತು. ವ್ಯಾಪಾರದ ವೆಚ್ಚವಾಗಿ ಒಬ್ಬನಿಗೆ ಒಂದೇ ದಿನ 10,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ಆದಾಯ ತೆರಿಗೆಯಲ್ಲಿ ಅದನ್ನು ಮಾನ್ಯ ಮಾಡುವುದಿಲ್ಲ ಎಂಬ ಮಿತಿ 2017ರಲ್ಲಿ ಬಂದಿತಾದರೂ, ಕೃಷಿ ಉತ್ಪನ್ನಕ್ಕಾಗಿ ನೇರವಾಗಿ ಬೆಳೆಗಾರನಿಗೆ ಮಾಡುವ ಪಾವತಿಗೆ ವಿನಾಯಿತಿ ಇದೆ. ಒಬ್ಬನಿಂದ 2 ಲಕ್ಷ ಅಥವಾ ಅದಕ್ಕೂ ಮೀರಿದ ನಗದು ಸ್ವೀಕರಿಸುವುದಕ್ಕೆ ಅದೇ ವರ್ಷದ ಏಪ್ರಿಲ್ 1ರಿಂದ ಇರುವ ನಿಷೇಧ ಬೇರೆ. ಮೊಬೈಲ್ ಸಂಕೇತ ಸಿಗದ ಕಣಿವೆಗಳಲ್ಲಿ ಬೆಳೆಗಾರ ಇಂದಿಗೂ ಮುಂಗಡವನ್ನು ನೋಟಿನಲ್ಲಿಯೇ ಕೇಳುತ್ತಾನೆ.

ವಿಮೆ ಇದೆಯಲ್ಲ ಎಂಬ ಧೈರ್ಯವೂ ಹುಸಿ. ದ್ವಿಚಕ್ರ ವಾಹನದ ಸಮಗ್ರ ಪಾಲಿಸಿಯ ಷರತ್ತುಗಳನ್ನು ಕನ್ನಡಕ ಹಾಕಿಕೊಂಡು ಓದಿ ನೋಡಿ. ವಾಹನವೂ ಒಟ್ಟಿಗೇ ಕಳುವಾಗದ ಹೊರತು ಅದರ ಉಪಸಾಧನಗಳ ಕಳವಿಗೆ ಪರಿಹಾರವಿಲ್ಲ. ಚೀಲದೊಳಗಿನ ಸರಕಂತೂ ಆ ಪಾಲಿಸಿಯ ವ್ಯಾಪ್ತಿಗೇ ಬರುವುದಿಲ್ಲ. ಸಾಗಣೆಯಲ್ಲಿರುವ ನಗದಿಗೆ ಹಣ ವಿಮೆ ಎಂಬ ಬೇರೆ ಪಾಲಿಸಿ ಇದೆ. ಅದರಲ್ಲಿಯೂ ಕಾವಲಿಲ್ಲದ ವಾಹನದಲ್ಲಿ ಬಿಟ್ಟ ಹಣವನ್ನು ಸಾಮಾನ್ಯವಾಗಿ ಹೊರಗಿಟ್ಟಿರುತ್ತಾರೆ. ಚಹಾ ಕುಡಿಯಲು ಇಳಿದ ಐದು ನಿಮಿಷವೂ ಕಾವಲಿಲ್ಲದ ಅವಧಿಯೇ.

ಹೀಗಿರುವಾಗ ಹಣವೋ ಮಾಲೋ ಕಳೆದಾಗ ನಷ್ಟ ಎಲ್ಲಿಗೆ ಬರುತ್ತದೆ? ನಮ್ಮಲ್ಲಿನ ರೂಢಿ ಎಂದರೆ ನೌಕರನ ಖಾತೆಗೆ ಖರ್ಚು ಬರೆದು ತಿಂಗಳು ತಿಂಗಳು ಸಂಬಳದಲ್ಲಿ ಮುರಿದುಕೊಳ್ಳುವುದು. ಸಂಬಳದ ಮೇಲೆಯೇ ಸಂಸಾರ ನಡೆಸುವವನಿಗೆ ಇದು ಎರಡು ಮೂರು ವರ್ಷಗಳ ಋಣವಾಗುವುದುಂಟು. 1936ರ ವೇತನ ಪಾವತಿ ಕಾಯಿದೆಯಲ್ಲಿ ಇಂಥ ಕಡಿತಕ್ಕೆ ಅವಕಾಶವಿತ್ತು, 2019ರ ವೇತನ ಸಂಹಿತೆಯಲ್ಲಿಯೂ ಇದೆ. ಆದರೆ ನಷ್ಟವು ನೇರವಾಗಿ ಅವನ ನಿರ್ಲಕ್ಷ್ಯದಿಂದಲೇ ಆಗಿರಬೇಕು, ಮತ್ತು ಕಡಿತಕ್ಕೆ ಮೊದಲು ಅವನಿಗೆ ವಿವರಣೆ ನೀಡಲು ಅವಕಾಶ ಕೊಡಬೇಕು. ಬಕಲ್ ಮುರಿದ ಚೀಲ, ಬಟ್ಟೆ ಸವೆದ ಚೀಲ ತನ್ನದೇ ಸಂಬಳದಲ್ಲಿ ಕೊಂಡದ್ದು, ಸಂಸ್ಥೆ ಬೇರೆ ಕೊಡಲಿಲ್ಲ ಎಂದು ಅವನು ಹೇಳಿದರೆ ನಿರ್ಲಕ್ಷ್ಯ ಯಾರದೆಂದು ತೀರ್ಮಾನವಾದೀತು? ಸಾಧನವನ್ನು ಒದಗಿಸದವನು ಅದರ ವೈಫಲ್ಯದ ಹೊಣೆಯನ್ನು ಮತ್ತೊಬ್ಬನ ಮೇಲೆ ಹೊರಿಸುವುದು ಲೆಕ್ಕಶಾಸ್ತ್ರಕ್ಕೂ ಒಪ್ಪುವ ಮಾತಲ್ಲ.

ವೆಚ್ಚದ ದೃಷ್ಟಿಯಿಂದ ನೋಡಿದರೂ ಹಿಂಜರಿಯಲು ಕಾರಣವಿಲ್ಲ. 1,000 ರೂಪಾಯಿಯ ಚೀಲವನ್ನು ಪ್ರತಿ ಮಳೆಗಾಲಕ್ಕೆ ಬದಲಿಸಿದರೆ ಐದು ವರ್ಷಕ್ಕೆ 5,000. ಬೆಸೆದ ಪಿವಿಸಿಯ ಜೋಡಿ ಚೀಲಕ್ಕೆ 6,000 ರೂಪಾಯಿ ಎಂದು ಹಿಡಿದು, ಅದು ಐದು ವರ್ಷ ಬಾಳಿದರೆ ಹೆಚ್ಚುವರಿ ವೆಚ್ಚ ವರ್ಷಕ್ಕೆ 200 ರೂಪಾಯಿ. ನೆನೆದ ಒಂದು ಮಾದರಿಯ ನಷ್ಟದ ಮುಂದೆ ಇದು ಗಣನೆಗೇ ಬಾರದು. ಖರೀದಿ ಬಿಲ್ಲು ಸಂಸ್ಥೆಯ ಹೆಸರಿನಲ್ಲಿಯೇ ಇರಲಿ. ನೌಕರನ ಹೆಸರಿನ ಚೀಟಿಗೆ ಜಿಎಸ್‌ಟಿ ಜಮೆಯ ಪ್ರಶ್ನೆಯೇ ಉದ್ಭವಿಸುವುದಿಲ್ಲ. ಚೀಲವನ್ನು ಕಂದಾಯ ವೆಚ್ಚವಾಗಿ ಬರೆಯಬಹುದು. ಕಬ್ಬಿಣದ ಆಧಾರವನ್ನು ವಾಹನಕ್ಕೆ ಶಾಶ್ವತವಾಗಿ ಕೂಡಿಸಿದಲ್ಲಿ ವಾಹನದ ಮೌಲ್ಯಕ್ಕೆ ಸೇರಿಸಿ, ವಾಹನದಂತೆಯೇ ಶೇಕಡ 15ರ ಸವಕಳಿ ಪಡೆಯಬಹುದು.

ಮೂಡಿಗೆರೆಯಲ್ಲಿಯೂ ಕಳಸದಲ್ಲಿಯೂ ಲಾರಿ ಟಾರ್ಪಾಲು, ಜೀಪಿನ ಹುಡ್ ಹೊಲಿಯುವ ಕುಶಲಿಗಳಿದ್ದಾರೆ. ಬಟ್ಟೆ ಬೆಸೆಯುವ ಬಿಸಿಗಾಳಿಯ ಯಂತ್ರವೊಂದು ದೊರೆತರೆ ಈ ಚೀಲಗಳನ್ನು ಅವರೇ ತಯಾರಿಸಬಲ್ಲರು; ದುರಸ್ತಿಗೂ ಬೆಂಗಳೂರಿಗೆ ಕಳುಹಿಸಬೇಕಾಗದು. ಹತ್ತಿಪ್ಪತ್ತು ಸಂಸ್ಥೆಗಳು ಒಟ್ಟಾಗಿ ಬೇಡಿಕೆ ಸಲ್ಲಿಸಿದರೆ ಅವರಿಗೂ ಧೈರ್ಯ ಬಂದೀತು. ನಮ್ಮ ಮಂಡಳಿಯ ಸದಸ್ಯರು ಏಪ್ರಿಲ್ ತಿಂಗಳಿನ ಸಭೆಯಲ್ಲಿಯೇ ಈ ಕುರಿತು ಚರ್ಚಿಸಿದಲ್ಲಿ ಮೇ ಕೊನೆಯ ವಾರದೊಳಗೆ, ಗುಮಾಸ್ತರಿಗೆ ರೈನ್‌ಕೋಟು ಕೊಡಿಸುವ ಹೊತ್ತಿಗೆ, ಚೀಲಗಳೂ ಕೈಸೇರುವಂತೆ ಮಾಡಬಹುದು.