ಎಣ್ಣೆಯಿಲ್ಲದ ಹಣತೆ

ಸಣ್ಣಪುಟ್ಟ ಸಂಘಗಳಿಗೆ ಸಹಾಯಧನ ಹಂಚುವ ನಮ್ಮ ಊರಿನ ದತ್ತಿಸಂಸ್ಥೆಯೊಂದರ ಆಯ್ಕೆ ಸಮಿತಿಯಲ್ಲಿ ಎರಡು ವರ್ಷ ಕುಳಿತು ಎದ್ದವನು ನಾನು. ಆದುದರಿಂದ ಮುಂದೆ ಆಡುವ ಕಟುಮಾತುಗಳಲ್ಲಿ ನನ್ನ ಪಾಲೂ ಇದೆಯೆಂದು ಮೊದಲೇ ಒಪ್ಪಿಬಿಡುತ್ತೇನೆ.

ಒಮ್ಮೆ ಹಳ್ಳಿಯ ವಾಚನಾಲಯವೊಂದರಿಂದ ಅರ್ಜಿ ಬಂತು. ಅವರು ಕೇಳಿದ್ದು ಬಹಳವಲ್ಲ: ಕೊಠಡಿಯ ಬಾಡಿಗೆ, ದೀಪದ ಖರ್ಚು, ಸಂಜೆ ಬಾಗಿಲು ತೆರೆದು ಕೂರುವ ಹೆಣ್ಣುಮಗಳಿಗೆ ತಿಂಗಳ ಸಂಬಳ. "ದಿನವಹಿ ವೆಚ್ಚಕ್ಕೆಲ್ಲ ನಮ್ಮಲ್ಲಿ ಅವಕಾಶವಿಲ್ಲ, ಯೋಜನೆ ಏನಾದರೂ ಇದ್ದರೆ ಬರೆಯಲಿ" ಎಂದರು ಹಿರಿಯರೊಬ್ಬರು. ಎಲ್ಲರೂ ತಲೆದೂಗಿದರು, ನಾನೂ ದೂಗಿದೆ. ಮರುವರ್ಷ ಸಂಘದವರು ಜಾಣರಾಗಿ ಬೀರು ಕೇಳಿದರು. ಕೂಡಲೇ ಮಂಜೂರಾಯಿತು. ದಾನಿಗಳ ಹೆಸರು ಬರೆಸಿದ ಎರಡು ಬೀರುಗಳು ಈಗಲೂ ಅಲ್ಲಿವೆ. ವಾಚನಾಲಯಕ್ಕೆ ಮಾತ್ರ ಬೀಗ ಬಿದ್ದಿದೆ.

ಇದು ಒಂದೂರಿನ ಕಥೆಯಲ್ಲ. 2013ರ ಕಂಪನಿ ಕಾಯ್ದೆಯು ದೊಡ್ಡ ಕಂಪನಿಗಳು ತಮ್ಮ ಸರಾಸರಿ ಲಾಭದಲ್ಲಿ ನೂರಕ್ಕೆ 2ರಷ್ಟನ್ನು ಸಮಾಜಕಾರ್ಯಕ್ಕೆ ವ್ಯಯಿಸಬೇಕೆಂದು ವಿಧಿಸಿತು; ಸುತ್ತಮುತ್ತಲ ಪ್ರದೇಶಕ್ಕೆ ಆದ್ಯತೆಯಿರಲಿ ಎಂದೂ ಹೇಳಿತು. ಆದರೆ ಆ ಹಣ ಪಡೆಯಲು ಸ್ವತಂತ್ರ ಸಂಘವೊಂದಕ್ಕೆ 3 ವರ್ಷಗಳ ಅನುಭವ ಬೇಕು, ಆದಾಯ ತೆರಿಗೆಯ ನೋಂದಣಿಗಳು ಬೇಕು, 2021ರಿಂದ ಕೇಂದ್ರ ಸರ್ಕಾರದಲ್ಲಿ ಬೇರೊಂದು ನೋಂದಣಿಯೂ ಬೇಕು. ಪೇಟೆಯ ದೊಡ್ಡ ಸಂಸ್ಥೆಗಳಿಗೆ ಇದು ನೀರು ಕುಡಿದಷ್ಟು ಸುಲಭ. ಹಳ್ಳಿಯ ಮಹಿಳಾ ಮಂಡಲಿ ಏನು ಮಾಡಬೇಕು? ಇನ್ನು ವಿದೇಶಿ ದೇಣಿಗೆಯ ಮಾತು. ಅದನ್ನು ಪಡೆದ ಸಂಸ್ಥೆ ಮತ್ತೊಂದು ಸಂಸ್ಥೆಗೆ ವರ್ಗಾಯಿಸಕೂಡದೆಂದು 2020ರ ತಿದ್ದುಪಡಿ ನಿಷೇಧಿಸಿತು. ಆಡಳಿತ ವೆಚ್ಚದ ಮಿತಿಯನ್ನು ನೂರಕ್ಕೆ 50ರಿಂದ 20ಕ್ಕೆ ಇಳಿಸಿತು. ದೊಡ್ಡ ಕಾಲುವೆಯಿಂದ ಹೊಲದ ತೂಬಿಗೆ ಹರಿಯುತ್ತಿದ್ದ ನೀರು ಅಲ್ಲಿಗೇ ನಿಂತಿತು.

ಕಾನೂನನ್ನಷ್ಟೇ ದೂರಿ ಫಲವಿಲ್ಲ. ನಮ್ಮೂರ ಸಮಿತಿಯ ಕೈಯನ್ನು ಯಾವ ಕಾಯ್ದೆ ಕಟ್ಟಿತ್ತು? ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಯ ಪೂಜಾರಿಗಳು ನಾವೇ. ಉದ್ಘಾಟಿಸಬಹುದಾದದ್ದಕ್ಕೆ ಮಾತ್ರ ನಾವು ಕೊಡುತ್ತೇವೆ. ಸಂಬಳವನ್ನು ಯಾರು ಉದ್ಘಾಟಿಸುತ್ತಾರೆ? ಬಾಡಿಗೆ ಚೀಟಿಯ ಮೇಲೆ ಯಾರ ಹೆಸರು ಕೆತ್ತಿಸಬಹುದು?

ನಮ್ಮ ಹಿಂದಿನವರು ಈ ವಿಷಯದಲ್ಲಿ ನಮಗಿಂತ ವಿವೇಕಿಗಳಾಗಿದ್ದರು. ಕೆರೆ ಕಟ್ಟಿಸಿದವನ ಕೀರ್ತಿಯನ್ನು ಹೇಳುವ ನಮ್ಮ ನಾಡಿನ ಶಾಸನಗಳು 'ಬಿಟ್ಟುವಟ್ಟ'ದ ಮಾತನ್ನೂ ಹೇಳುತ್ತವೆ. ಕೆರೆಯ ಪಾಲನೆಗೆಂದೇ ಬಿಟ್ಟುಕೊಟ್ಟ ಭೂಮಿ ಅದು. ಹೂಳೆತ್ತುವ ಬಂಡಿಗೆ, ಅದನ್ನು ಎಳೆಯುವ ಕೋಣಗಳಿಗೆ, ಹೊಡೆಯುವ ಆಳಿಗೆ ದತ್ತಿ ಬಿಟ್ಟದ್ದನ್ನೂ ಅವರು ಕಲ್ಲಿನಲ್ಲಿ ಬರೆಸಿದರು. ಕಟ್ಟುವುದು ಒಂದು ದಿನದ ಪುಣ್ಯ, ಕಾಯುವುದು ನಿತ್ಯದ ಪುಣ್ಯ ಎಂಬುದು ಅವರಿಗೆ ತಿಳಿದಿತ್ತು. ಕೋಣದ ಮೇವಿಗೂ ದಾನದಲ್ಲಿ ಸ್ಥಾನವಿದ್ದ ನಾಡಿನಲ್ಲಿ ವಾಚನಾಲಯದ ಹೆಣ್ಣುಮಗಳ ಕೂಲಿ 'ಆಡಳಿತ ವೆಚ್ಚ'ವಾಯಿತು!

"ಕೈಗೆ ಹಣ ಕೊಟ್ಟರೆ ನುಂಗುತ್ತಾರೆ" ಎಂಬ ಆಕ್ಷೇಪ ಬರುವುದನ್ನು ಬಲ್ಲೆ. ನುಂಗುವವರು ಇಲ್ಲವೆಂದು ನಾನು ಹೇಳುವುದಿಲ್ಲ. ಆದರೆ ನುಂಗಬಲ್ಲವನು ಬೀರಿನ ಬಿಲ್ಲಿನಲ್ಲಿಯೂ ನುಂಗಬಲ್ಲ. ಲೆಕ್ಕ ಕೇಳೋಣ, ಅವಶ್ಯವಾಗಿ ಕೇಳೋಣ. ಆದರೆ ಹತ್ತು ಸಾವಿರ ರೂಪಾಯಿಗೆ ಹತ್ತು ಲಕ್ಷದ ಲೆಕ್ಕಪತ್ರ ಕೇಳುವುದು ಎಚ್ಚರಿಕೆಯಲ್ಲ, ಹಿಂಸೆ. ಅರ್ಜಿ ಕನ್ನಡದಲ್ಲಿ ಎರಡು ಪುಟ ಮೀರದಿರಲಿ. ಸಮಿತಿಯವರು ಕುರ್ಚಿ ಬಿಟ್ಟು ಒಂದು ಸಂಜೆ ಆ ಊರಿಗೆ ಹೋಗಿ ನೋಡಲಿ. ಮೆಚ್ಚಿದರೆ ಮೂರು ವರ್ಷದ ಭರವಸೆ ಕೊಡಲಿ. ಅದರಲ್ಲಿ ಬಾಡಿಗೆ, ಸಂಬಳಗಳು ಮೊದಲ ಬಾಬುಗಳಾಗಿರಲಿ.

ಹಣತೆ ದಾನ ಮಾಡಿದವರ ಪಟ್ಟಿ ನಮ್ಮಲ್ಲಿ ಉದ್ದವಾಗಿದೆ. ಎಣ್ಣೆ ಹೊಯ್ಯುವವರು ಬೇಕಾಗಿದ್ದಾರೆ. ಆ ವಾಚನಾಲಯದ ಅರ್ಜಿ ಮತ್ತೊಮ್ಮೆ ಬಂದರೆ ತಲೆದೂಗದೆ ಕೂರುವ ಒಬ್ಬನಾದರೂ ಸಮಿತಿಯಲ್ಲಿರಲಿ. ಅಂದು ನಾನು ಆ ಒಬ್ಬನಾಗಲಿಲ್ಲ.